ಕಡ್ಡಿ ಹಿಡಿಸಿ ಕ್ಯಾನ್ಸರ್ ಹೇಳುವವರು ಬಂದಿದ್ದಾರೆ, ಹುಷಾರು

ಕೈಗೆ ಒಂದು ಲೋಹದ ಕಡ್ಡಿ ಕೊಟ್ಟು ಒಂದೇ ನಿಮಿಷದಲ್ಲಿ 'ಫುಲ್ ಬಾಡಿ ಸ್ಕ್ಯಾನ್' ಅನ್ನುತ್ತಾರಲ್ಲ, ಸಮುದಾಯ ಭವನಗಳಲ್ಲಿ ಉಚಿತ ಆರೋಗ್ಯ ಶಿಬಿರ ಅಂತ ಬ್ಯಾನರ್ ಕಟ್ಟಿಕೊಂಡು, ಅವರ ಹತ್ತಿರ ಹೋಗಬೇಡಿ. ಹೋಗಲೇಬೇಕಾದರೆ ದುಡ್ಡು ಮನೆಯಲ್ಲಿಟ್ಟು ಹೋಗಿ. ದಾವಣಗೆರೆಯಲ್ಲಿ ನನಗಾಗಿದ್ದು ಇದು. ಬರೆಯೋಕೂ ನಾಚಿಕೆ. ಆದರೆ ಮತ್ತೊಂದು ಬಡಾವಣೆಯಲ್ಲಿ ಬ್ಯಾನರ್ ನೋಡಿದ ಮೇಲೆ ಸುಮ್ಮನಿರೋಕಾಗಲಿಲ್ಲ.

ತಿಂಗಳುಗಟ್ಟಲೆ ಸುಸ್ತು. ಸಂಜೆಯಾದರೆ ಮೈ ಬೆಚ್ಚಗೆ. ಹೊಟ್ಟೆ ಉಬ್ಬರ, ಬಲಗಡೆ ಕೆಳಗೆ ಹಿಡಿದುಕೊಂಡ ಹಾಗೆ ನೋವು, ರವಿಕೆಗಳೆಲ್ಲ ಸಡಿಲ. ಥೈರಾಯ್ಡ್ ನಾರ್ಮಲ್, ಶುಗರ್ ನಾರ್ಮಲ್. ಹೋದಲ್ಲೆಲ್ಲ ಗ್ಯಾಸ್ಟ್ರಿಕ್ ಮಾತ್ರೆ, 'ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ'. ನಮ್ಮ ದೊಡ್ಡಮ್ಮನಿಗೂ ಹೀಗೇ ಶುರುವಾಗಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕಾಲ ಮೀರಿತ್ತು. ರಾತ್ರಿ ಮಲಗಿದರೆ ಅದೇ ಯೋಚನೆ. ಕೊನೆಗೆ ಒಬ್ಬ ಡಾಕ್ಟರು ಸ್ಕ್ಯಾನಿಂಗ್ ನೋಡಿ, ಕರುಳಿನ ಗೋಡೆ ದಪ್ಪಗಾಗಿದೆ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡೋದು) ಮಾಡಿಸಿ, ಬೇಕಾದರೆ ಬಯಾಪ್ಸಿ (ಒಂದು ತುಣುಕು ತೆಗೆದು ಪರೀಕ್ಷೆ) ಅಂತ ಚೀಟಿ ಬರೆದರು. ಬಯಾಪ್ಸಿ ಅಂದಿದ್ದಕ್ಕೇ ನನ್ನ ಕೈಕಾಲು ತಣ್ಣಗಾದವು. ಆ ಚೀಟಿ ಪರ್ಸಿನಲ್ಲೇ ಇತ್ತು. ಆಗ ಪಕ್ಕದ ಮನೆಯಕ್ಕ ಬಂದು, "ಬಾರೇ, ಫ್ರೀ ಚೆಕಪ್ಪು, ಸೂಜಿ ಗೀಜಿ ಏನಿಲ್ಲ" ಅಂದರು.

ವಯಸ್ಸು, ಎತ್ತರ, ತೂಕ ಕೇಳಿ ಲ್ಯಾಪ್‌ಟಾಪಿಗೆ ಹಾಕಿದರು. ಕಡ್ಡಿ ಹಿಡಿದೆ. ಒಂದು ಕಂತೆ ಪ್ರಿಂಟ್ ಬಂತು: ಲಿವರ್, ಕಿಡ್ನಿ, ಮೂಳೆ, ವಿಟಮಿನ್, ಹಾರ್ಮೋನು, ಎಲ್ಲದಕ್ಕೂ ದಶಾಂಶ ಸಮೇತ ನಂಬರು. ಒಂದು ಹನಿ ರಕ್ತ ತೆಗೆಯದೆ! ಬಿಳಿ ಕೋಟಿನವನು (ಡಾಕ್ಟರಲ್ಲ, 'ವೆಲ್‌ನೆಸ್ ಕೋಚ್' ಅಂತೆ) ಕರುಳಿನ ಪುಟದ ಕೆಂಪು ಗೆರೆ ಮೇಲೆ ಪೆನ್ನಿಟ್ಟು, "ಮೇಡಂ, ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?" ಅಂದ. ದೊಡ್ಡಮ್ಮನ ವಿಷಯ ನನ್ನ ಬಾಯಿಂದಲೇ ಬಂತು. ಅವನಿಗೆ ಅಷ್ಟೇ ಬೇಕಿತ್ತು. "ಸೆಲ್ಸ್ ಚೇಂಜ್ ಆಗ್ತಿವೆ. ಇನ್ನೂ ಗೆಡ್ಡೆ ಆಗಿಲ್ಲ. ಸರಿಯಾದ ಟೈಮಿಗೆ ಬಂದಿದೀರಿ." ಡಾಕ್ಟರ ಚೀಟಿ ತೋರಿಸಿದೆ. "ಅಯ್ಯೋ, ತುಣುಕು ಕಿತ್ತರೆ ಮೈಯೆಲ್ಲ ಹರಡುತ್ತೆ. ಮೂರು ತಿಂಗಳು ನಮ್ಮ ಕೋರ್ಸ್ ಮುಗಿಸಿ, ಆಮೇಲೆ ನೋಡೋಣ."

ನೋನಿ ಜ್ಯೂಸು, ಸ್ಪಿರುಲಿನಾ ಮಾತ್ರೆ, ಯಾವುದೋ ಪುಡಿ. 18,600 ರೂಪಾಯಿ. ಬಿಲ್ ಇಲ್ಲ, ಕೈಬರಹದ ಚೀಟಿ. ದುಡ್ಡು ಹೋಗಲಿ, ಕೊಲೊನೋಸ್ಕೋಪಿ ನಿಂತುಹೋಯಿತು. ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಜ್ವರ ನಿಲ್ಲಲಿಲ್ಲ, ತೂಕ ಇಳಿಯುತ್ತಲೇ ಇತ್ತು. ಕೇಳಿದರೆ "ಟಾಕ್ಸಿನ್ ಹೊರಗೆ ಹೋಗ್ತಿದೆ ಮೇಡಂ, ಒಳ್ಳೇ ಲಕ್ಷಣ".

ಹಾಸ್ಟೆಲಿನಿಂದ ಬಂದ ಮಗಳು ಆ ಕಂತೆ ತಿರುವುತ್ತಾ ಕೂತಿದ್ದಳು. "ಅಮ್ಮ, ನಿಂಗೆ ಪಿತ್ತಕೋಶ ಎಲ್ಲಿದೆ?" ಅಂದಳು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಕಲ್ಲಾಗಿದೆ ಅಂತ ಪಿತ್ತಕೋಶ ತೆಗೆಸಿ ಎಷ್ಟೋ ವರ್ಷವಾಗಿದೆ, ಹೊಟ್ಟೆ ಮೇಲೆ ಗುರುತಿದೆ. ರಿಪೋರ್ಟಿನಲ್ಲಿ ಒಂದಿಡೀ ಪುಟ ಅದರದ್ದೇ! ಕೆಳಗೆ ಷರಾ: 'ಸ್ವಲ್ಪ ದುರ್ಬಲ'. ಇಲ್ಲದ ಪಿತ್ತಕೋಶ ಸ್ವಲ್ಪ ದುರ್ಬಲ! ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಇದೇ ಕಾಗದ ನಂಬಿ ರಾತ್ರಿಯೆಲ್ಲ ಅತ್ತಿದ್ದೆ, ಇದೇ ಕಾಗದ.

ಫೋನ್ ಮಾಡಿದೆ. "ಅಂಗ ತೆಗೆದ್ರೂ ಅದರ ಎನರ್ಜಿ ಅಲ್ಲೇ ಇರುತ್ತೆ ಮೇಡಂ." ದುಡ್ಡು ವಾಪಸ್ ಕೊಡಿ ಅಂದೆ. "ಸೀಲ್ ಒಡೆದಿದೀರಲ್ಲ." ದೂರು ಕೊಡ್ತೀನಿ ಅಂದೆ. "ಇಷ್ಟು ನೆಗೆಟಿವ್ ಇದ್ರೆ ನಿಮ್ಮ ಸೆಲ್ಸ್‌ಗೇ ಒಳ್ಳೇದಲ್ಲ. ಒಂದು ಕೆಲಸ ಮಾಡಿ, ಮೆಂಬರ್ ಆಗಿ, ಮೂರು ಜನರನ್ನ ಸೇರಿಸಿ, ನಿಮ್ಮ ದುಡ್ಡು ತಾನಾಗೇ ಬರುತ್ತೆ." ಪಕ್ಕದ ಮನೆಯಕ್ಕನಿಗೆ ನನ್ನ ಮೇಲೆ ಅಷ್ಟೊಂದು ಕಾಳಜಿ ಯಾಕೆ ಅಂತ ಆಗ ಅರ್ಥವಾಯಿತು.

ಕೊಲೊನೋಸ್ಕೋಪಿ ಮಾಡಿಸಿದೆ. ಹಿಂದಿನ ದಿನ ಕುಡಿಯುವ ಔಷಧಿ ನೀರೇ ಕಷ್ಟ, ಪರೀಕ್ಷೆ ಮಂಪರಿನಲ್ಲೇ ಮುಗಿಯಿತು. ತುಣುಕು ತೆಗೆದರೆ ಹರಡುತ್ತದೆ ಅನ್ನೋದು ಸುಳ್ಳು ಭಯ ಅಂತ ಡಾಕ್ಟರು ಬಿಡಿಸಿ ಹೇಳಿದರು. ಬರಿಗಣ್ಣಿಗೆ ಕ್ಯಾನ್ಸರ್, ಟಿಬಿ, ಕ್ರೋನ್ಸ್ ಅನ್ನೋ ಕರುಳಿನ ಉರಿಯೂತ ಒಂದೇ ಥರ ಕಾಣಬಹುದಂತೆ, ತುಣುಕು ಪರೀಕ್ಷೆಗೆ ಹೋದರೇನೇ ಖಚಿತ. ನನಗೆ ಬಂದಿದ್ದು ಕರುಳಿನ ಟಿಬಿ. ಹೌದು, ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರೋದಲ್ಲ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆರು ತಿಂಗಳು. ನಿಕ್ಷಯ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಕೂಡ ಇದೆ.

ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ. ಬ್ಯಾನರಿನ ಫೋಟೋ ತೆಗೆದಿಟ್ಟುಕೊಳ್ಳಿ, ಬಾಯಿಮಾತಿಗೆ ಸಾಕ್ಷಿ ಇರಲ್ಲ. ಡಾಕ್ಟರ್ ಬರೆದ ಪರೀಕ್ಷೆ ಬೇಡ ಅಂತ ಯಾವನಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ.

ಟಿಬಿ ಅಂತ ಗೊತ್ತಾದ ಮೇಲೆ ಆ ಕೋಚ್ ವಾಯ್ಸ್ ಮೆಸೇಜ್ ಕಳಿಸಿದ್ದಾನೆ: "ನೋಡಿದ್ರಾ ಮೇಡಂ, ಕರುಳಲ್ಲೇ ಪ್ರಾಬ್ಲಂ ಅಂತ ನಮ್ಮ ಮಷಿನ್ ಮೊದಲೇ ಹೇಳಿತ್ತು. ಮಾತ್ರೆ ಜೊತೆ ನೋನಿ ನಿಲ್ಲಿಸಬೇಡಿ." ಟಿಬಿ ಮಾತ್ರೆಗಳಿಗೇ ಲಿವರ್ ಮೇಲೆ ಕಣ್ಣಿಟ್ಟಿರಬೇಕು, ಬೇರೆ ಪುಡಿ ಗಿಡಿ ಮುಟ್ಟಬೇಡಿ ಅಂತ ನಮ್ಮ ಡಾಕ್ಟರು ಬೈದು ಕಳಿಸಿದ್ದಾರೆ. ಇವನು ಈಗ ಶಿಬಿರಗಳಲ್ಲಿ ನನ್ನ ಕಥೆಯನ್ನೇ ಮಷಿನ್ನಿನ ಸಾಧನೆ ಅಂತ ಹೇಳುತ್ತಿದ್ದಾನಂತೆ. 'ದಾವಣಗೆರೆ ಮೇಡಂ ಒಬ್ಬರಿಗೆ' ಅಂತ ಶುರುಮಾಡಿದರೆ, ಆ ಮೇಡಂ ನಾನೇ. ಪಿತ್ತಕೋಶದ ಪುಟ ತೋರಿಸು ಅಂತ ಕೇಳಿ.