ಹಳೆ ಪೇಪರ್, ಥರ್ಮಾಕೋಲ್, ಬಬಲ್ ರ‍್ಯಾಪ್, ಫೋಮ್: ಹತ್ತು ಸಲ ಬೀಳಿಸಿ ನೋಡಿದೆ

ಒಂದು ಸಲ ನನ್ನ ಡೆಸ್ಕ್‌ಟಾಪನ್ನು ಬಿಚ್ಚದೆ, ಇದ್ದ ಹಾಗೇ ಪಾರ್ಸಲ್ ಮಾಡಿದ್ದೆ. ದಪ್ಪ ರಟ್ಟಿನ ಪೆಟ್ಟಿಗೆ, ಸುತ್ತ ಬಬಲ್ ರ‍್ಯಾಪ್, ನಾಲ್ಕೂ ಕಡೆ 'ಒಡೆಯುವ ವಸ್ತು' ಅಂತ ಚೀಟಿ. ತಲುಪಿದಾಗ ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅಲ್ಲಾಡಿಸಿದರೆ ಮಾತ್ರ ಒಳಗೆ ಗಲಗಲ ಸದ್ದು. ಕೇಸಿನ ಮುಚ್ಚಳ ತೆಗೆದರೆ, ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ತಳದಲ್ಲಿ ಬಿದ್ದಿದೆ. ಮದರ್‌ಬೋರ್ಡಿನ ಸ್ಲಾಟ್ (ಕಾರ್ಡ್ ಸಿಕ್ಕಿಸುವ ಸಂದು) ಬುಡಸಮೇತ ಕಿತ್ತು ಬಂದು ಇನ್ನೂ ಅದನ್ನೇ ಕಚ್ಚಿಕೊಂಡಿದೆ.

ಹೊರಗಿನ ಪ್ಯಾಕಿಂಗ್ ಚೆನ್ನಾಗಿಯೇ ಇತ್ತು. ಒಳಗಿನ ತೂಕವನ್ನು ಹಿಡಿದುಕೊಳ್ಳೋಕೆ ಏನೂ ಇರಲಿಲ್ಲ, ಅಷ್ಟೇ. ದೊಡ್ಡ ಕಾರ್ಡ್ ಒಂದೂವರೆ ಕೆಜಿ ಮೀರುತ್ತದೆ. ಅದು ಒಂದು ಸ್ಲಾಟ್ ಮತ್ತು ಒಂದೆರಡು ಸ್ಕ್ರೂಗಳ ಮೇಲೆ ಅಡ್ಡಕ್ಕೆ ಜೋತುಬಿದ್ದಿರುತ್ತದೆ. ಪ್ರೊಸೆಸರ್ ಚಿಪ್ಪನ್ನು ತಣ್ಣಗಿಡುವ ಎತ್ತರದ ಸಿಪಿಯು ಕೂಲರ್‌ನದೂ ಇದೇ ಕಥೆ.

ಆ ಸತ್ತ ಕಾರ್ಡನ್ನು ಎಸೆಯಲು ಮನಸ್ಸಾಗಲಿಲ್ಲ. ಅದನ್ನೇ ಇಟ್ಟುಕೊಂಡು ಪರೀಕ್ಷೆ ಶುರುಮಾಡಿದೆ. ಪ್ಯಾಕಿಂಗ್ ಪರೀಕ್ಷೆಗೆ ಇಸ್ಟಾ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ 1ಎ ಅಂತ ಒಂದು ಪದ್ಧತಿ ಇದೆ. ಪೆಟ್ಟಿಗೆಯನ್ನು ಒಂದು ಮೂಲೆ, ಮೂರು ಅಂಚು, ಆರು ಮುಖಗಳ ಮೇಲೆ, ಒಟ್ಟು ಹತ್ತು ಸಲ ಬೀಳಿಸಬೇಕು. ಹಗುರ ಪೆಟ್ಟಿಗೆಗೆ ಎತ್ತರ ಸುಮಾರು 76 ಸೆಂ.ಮೀ., ಹೆಚ್ಚು ಕಡಿಮೆ ಮೇಜಿನಷ್ಟು. ನಾನೂ ಅದನ್ನೇ ಅನುಸರಿಸಿದೆ. ಪ್ರತಿ ಸಲವೂ ಅದೇ ಅಳತೆಯ ಪೆಟ್ಟಿಗೆ, ಕಾರ್ಡಿನ ಸುತ್ತ ಐದು ಸೆಂ.ಮೀ. ಜಾಗ. ಆ ಜಾಗಕ್ಕೆ ತುಂಬುವ ವಸ್ತು ಮಾತ್ರ ಬೇರೆ ಬೇರೆ.

ಐದು ಸೆಂ.ಮೀ. ಯಾಕೆ ಅಂದರೆ ಲೆಕ್ಕ ಸುಲಭ. ಬಿದ್ದ ಎತ್ತರವನ್ನು, ವಸ್ತು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. 76 ಸೆಂ.ಮೀ. ಮೇಲಿಂದ ಬಿದ್ದದ್ದು ಒಂದು ಸೆಂ.ಮೀ. ಒಳಗೆ ನಿಂತರೆ ಏಟು ಸುಮಾರು 76 ಜಿ, ಭೂಮಿಯ ಎಳೆತದ 76 ಪಟ್ಟು. ಅಂದರೆ ಒಂದೂವರೆ ಕೆಜಿ ಕಾರ್ಡ್ ಆ ಕ್ಷಣಕ್ಕೆ ನೂರು ಕೆಜಿಗಿಂತ ಜಾಸ್ತಿ ಭಾರದ ಹಾಗೆ ಎಳೆಯುತ್ತದೆ. ಐದು ಸೆಂ.ಮೀ. ಪೂರ್ತಿ ಸಿಕ್ಕರೆ ಏಟು 15 ಜಿಗೆ ಇಳಿಯುತ್ತದೆ. ಒಂದು ಮಿ.ಮೀ. ಮಾತ್ರ ಸಿಕ್ಕರೆ 760! ಆಫ್ ಆಗಿರುವ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ 300 ಜಿ ಆಸುಪಾಸಿನ ತನಕ ತಡೆಯುತ್ತದೆ. ಹಾಗಾಗಿ ಪ್ಯಾಕಿಂಗ್ ಎಷ್ಟು ಮೆತ್ತಗಿದೆ ಅನ್ನೋದಷ್ಟೇ ಸಾಲದು. ಹತ್ತನೇ ಸಲಕ್ಕೂ ಆ ಐದು ಸೆಂ.ಮೀ. ಉಳಿದಿರುತ್ತಾ?

ಹಳೆ ಪೇಪರ್ ಉಂಡೆಗಳನ್ನು ಗಟ್ಟಿಯಾಗಿ ತುರುಕಿದ್ದೆ. ಮೊದಲ ಎರಡು ಬೀಳಾಟದಲ್ಲಿ ಪರವಾಗಿಲ್ಲ ಅನಿಸಿತು. ನಾಲ್ಕನೆಯದರ ಹೊತ್ತಿಗೆ ಉಂಡೆಗಳು ಚಪ್ಪಟೆ. ಪೇಪರ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬೋದಿಲ್ಲ. ಕೊನೆಗೆ ಕಾರ್ಡ್ ರಟ್ಟಿಗೇ ತಾಗಿತ್ತು. ಕೇಬಲ್, ಫ್ಯಾನ್ ಕಳಿಸುವಾಗ ಸಂದಿ ತುಂಬೋಕೆ ಸಾಕು.

ಥರ್ಮಾಕೋಲ್ ಚೂರುಗಳ ಮೇಲೆ ನನಗೆ ಭರವಸೆ ಇತ್ತು. ಬೀಳಿಸಿದಾಗ ಪೇಪರಿಗಿಂತ ಚೆನ್ನಾಗಿಯೇ ತಡೆದವು. ಆಮೇಲೆ ಅದೇ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಒಂದು ದಿನ ಸುಮ್ನೆ ಓಡಾಡಿದೆ. ಸಂಜೆ ತೆರೆದರೆ ಕಾರ್ಡ್ ತಳ ಸೇರಿದೆ, ಚೂರುಗಳೆಲ್ಲ ಅದರ ಮೇಲೆ! ಗಾಡಿಯ ಅದುರಾಟಕ್ಕೆ ಚೂರುಗಳು ಪಕ್ಕಕ್ಕೆ ಸರಿದಂತೆ ಭಾರದ್ದು ಕೆಳಗೆ ಇಳಿಯುತ್ತದೆ. ಸಾಲದ್ದಕ್ಕೆ ಅವು ಉಜ್ಜಿ ಉಜ್ಜಿ ಸ್ಟ್ಯಾಟಿಕ್ ಹುಟ್ಟಿಸುತ್ತವೆ, ಅಂದರೆ ಚಿಪ್ಪುಗಳನ್ನು ಕೆಡಿಸಬಲ್ಲ ಸ್ಥಾಯೀ ವಿದ್ಯುತ್ತು. ಕಾರ್ಡಿನ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ಸಂದಿಯಲ್ಲಿ ಅಂಟಿದ್ದ ಬಿಳಿ ಪುಡಿಯನ್ನು ಚಿಮುಟದಲ್ಲಿ ಹೆಕ್ಕಿ ತೆಗೆಯಬೇಕಾಯಿತು. ಕಂಪ್ಯೂಟರ್ ಭಾಗಗಳಿಗೆ ನನ್ನ ಮಟ್ಟಿಗೆ ಇದು ಪೇಪರಿಗಿಂತಲೂ ಕಡೆ.

ಬಬಲ್ ರ‍್ಯಾಪ್ ವಿಷಯ ಸ್ವಲ್ಪ ಬೇರೆ. 1957ರಲ್ಲಿ ಇದನ್ನು ಕಂಡುಹಿಡಿದವರು ಗೋಡೆಗೆ ಅಂಟಿಸೋ ಅಲಂಕಾರದ ಹಾಳೆ ಮಾಡಲು ಹೊರಟಿದ್ದರಂತೆ. ಅದು ಪ್ಯಾಕಿಂಗ್‌ಗೆ ಬಂದದ್ದೇ ಐಬಿಎಂನ 1401 ಕಂಪ್ಯೂಟರುಗಳನ್ನು ಸಾಗಿಸುವಾಗ. ಅಂದರೆ ನಮ್ಮ ಕೆಲಸಕ್ಕೇ ಹೆಸರಾದ ವಸ್ತು! ಆದರೆ ಸಣ್ಣ ಗುಳ್ಳೆಯದು ಕಾರ್ಡಿನ ಲೋಹದ ಪಟ್ಟಿಯ ಮೊನೆಗೆ ತಡೆಯಲಿಲ್ಲ. ಆ ಜಾಗದ ಗುಳ್ಳೆಗಳೆಲ್ಲ ಪಟಪಟ ಒಡೆದು ಬರೀ ಪ್ಲಾಸ್ಟಿಕ್ ಹಾಳೆ ಉಳಿದಿತ್ತು. ದೊಡ್ಡ ಗುಳ್ಳೆಯದನ್ನು ಸಡಿಲವಾಗಿ ನಾಲ್ಕು ಸುತ್ತು ಸುತ್ತಿದಾಗ ಹತ್ತೂ ಬೀಳಾಟಕ್ಕೆ ನಿಂತಿತು. ಬಿಗಿಯಾಗಿ ಟೇಪ್ ಎಳೆದು ಕಟ್ಟಿದರೆ ಗುಳ್ಳೆ ಮೊದಲೇ ಕುಗ್ಗಿಬಿಡುತ್ತದೆ, ಆಮೇಲೆ ಏಟು ತಿನ್ನೋಕೆ ಏನು ಉಳಿಯಿತು? ಇದೂ ಸ್ಟ್ಯಾಟಿಕ್ ಹುಟ್ಟಿಸುವ ಪ್ಲಾಸ್ಟಿಕ್ಕೇ. ಹಾಗಾಗಿ ಕಾರ್ಡ್ ಮೊದಲು ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲಕ್ಕೆ ಹೋಗಬೇಕು. ಗುಲಾಬಿ ಚೀಲ ತಾನು ಸ್ಟ್ಯಾಟಿಕ್ ಹುಟ್ಟಿಸದಿರಬಹುದು, ಹೊರಗಿನಿಂದ ಬರೋದನ್ನು ಅದು ತಡೆಯೋದಿಲ್ಲ.

ಗೆದ್ದಿದ್ದು ಟಿವಿ, ಫ್ರಿಜ್ ಜೊತೆ ಬರುವ ಮೆತ್ತನೆಯ ಬಿಳಿ ಫೋಮ್ ಹಲಗೆ. ಪುಡಿಯಾಗುವ ಥರ್ಮಾಕೋಲ್ ಅಲ್ಲ, ಬೆರಳಲ್ಲಿ ಒತ್ತಿದರೆ ಮತ್ತೆ ಏಳುವಂಥದ್ದು. ಕಟರ್‌ನಲ್ಲಿ ಕಾರ್ಡಿನ ಆಕಾರಕ್ಕೆ ಗುಳಿ ಕೊರೆಯಲು ಅರ್ಧ ಗಂಟೆ ಹಿಡಿಯಿತು, ಸೊಟ್ಟಗೂ ಆಯಿತು. ಆದರೆ ಹತ್ತನೇ ಬೀಳಾಟದ ಮೇಲೂ ಕಾರ್ಡ್ ಇಟ್ಟ ಜಾಗದಲ್ಲೇ ಇತ್ತು. ಕಾರಿನಲ್ಲಿ ಸುತ್ತಾಡಿಸಿದರೂ ಅಷ್ಟೇ. ಬಿಡಿಭಾಗದ ಮೂಲ ಡಬ್ಬ ಇದ್ದರೆ ಈ ಕಷ್ಟವೂ ಬೇಡ. ಅದನ್ನೇ ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗಿಟ್ಟು ಸುತ್ತ ಫೋಮ್ ಕೊಡಿ, ಸಾಕು.

ಚೀಲದೊಳಗೆ ಉಬ್ಬುವ ಫೋಮನ್ನೂ ಒಮ್ಮೆ ತಂದೆ. ಕಂಪ್ಯೂಟರನ್ನು ಬಿಚ್ಚದೆ ಕಳಿಸಲೇಬೇಕು ಅಂದರೆ ಇದೊಂದು ದಾರಿ, ಕೇಸಿನೊಳಗೆ ಕಾರ್ಡನ್ನೂ ಕೂಲರನ್ನೂ ಹಿಡಿದು ನಿಲ್ಲಿಸುತ್ತದೆ. ಉಬ್ಬುವಾಗ ಬಿಸಿಯಾಗುತ್ತದೆ, ಜಾಸ್ತಿಯಾದರೆ ಫ್ಯಾನಿನ ಎಸಳನ್ನೇ ಬಗ್ಗಿಸುತ್ತದೆ. ತೆಗೆದುಕೊಂಡವರು ಒಳಗೆ ಫೋಮ್ ಇರುವುದನ್ನು ನೋಡದೆ ಸ್ವಿಚ್ ಒತ್ತಿದರೆ ಮುಗಿಯಿತು. ನಾನಂತೂ ಬಿಚ್ಚಿಯೇ ಕಳಿಸುತ್ತೇನೆ.

ಇವು ಯಾವುವೂ ಮದರ್‌ಬೋರ್ಡಿನ ಸಾಕೆಟ್ಟನ್ನು, ಅಂದರೆ ಪ್ರೊಸೆಸರ್ ಕೂರುವ ಜಾಗವನ್ನು, ಕಾಪಾಡೋದಿಲ್ಲ. ಒಮ್ಮೆ ನನಗೆ ಬಂದ ಸೆಕೆಂಡ್ ಹ್ಯಾಂಡ್ ಬೋರ್ಡಿನ ಸಾಕೆಟ್ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರಲಿಲ್ಲ. ಫೋಮಿನ ಒಂದು ಎಳೆ 1700 ಪಿನ್ನುಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆದಾಗ ಮೂರು ಪಿನ್ನು ಅದರ ಜೊತೆಗೇ ಎದ್ದು ನಿಂತವು. ಭೂತಗನ್ನಡಿ ಹಿಡಿದು, ಹೊಲಿಗೆ ಸೂಜಿಯ ಮೊನೆಯಿಂದ ಒಂದೊಂದನ್ನೇ ಸಾಲಿಗೆ ತಂದೆ. ಎರಡು ಸರಿಹೋದವು. ಮೂರನೆಯದು ಮುರಿಯಿತು. ಬಿಡಿಗಾಸಿನ ಮುಚ್ಚಳ ಅದು!

ಮೊನ್ನೆ ಗೆಳೆಯನಿಗೆ ಒಂದು ಕಾರ್ಡ್ ಕಳಿಸಿದೆ. ಬೆಳ್ಳಿ ಚೀಲ, ಫೋಮ್ ಗುಳಿ, ಎರಡು ಪೆಟ್ಟಿಗೆ. ಹೊರಗಿನ ಪೆಟ್ಟಿಗೆಯ ಒಂದು ಮೂಲೆ ಪೂರ್ತಿ ಒಳಕ್ಕೆ ಹೋಗಿದೆ ಅಂತ ಅವನು ಗಾಬರಿಯಿಂದ ಫೋಟೋ ಕಳಿಸಿದ. ಹತ್ತು ನಿಮಿಷದ ಮೇಲೆ ಇನ್ನೊಂದು ಫೋಟೋ ಬಂತು, ಫ್ಯಾನು ತಿರುಗುತ್ತಿತ್ತು. ಫೋಮ್ ಎಸೆಯಬೇಡ, ವಾಪಸ್ ಬೇಕು ಅಂದಿದ್ದೇನೆ.