ಬಿಇ ಆದಮೇಲೆ ಕೋಚಿಂಗ್, ಎನ್‌ಪಿಟಿಇಎಲ್, ಅಪ್ರೆಂಟಿಸ್‌ಶಿಪ್: ಮೂರನ್ನೂ ಮಾಡಿ ನೋಡಿದ ಮೇಲೆ

ಮೆಕ್ಯಾನಿಕಲ್ ಮುಗಿಸಿ ಕೆಲಸ ಹುಡುಕುತ್ತಿರುವವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆಯುತ್ತಾ ಕಾರ್ಖಾನೆಯಲ್ಲೇ ಕೆಲಸ ಕಲಿಯುವುದು. ಉಳಿದ ಎರಡನ್ನೂ ಮಾಡಿಯೇ ಹೇಳುತ್ತಿದ್ದೇನೆ.

ಬೆಂಗಳೂರಿನ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿತೆ. ಪಾಠದ ಬಗ್ಗೆ ದೂರಿಲ್ಲ. ತೊಂದರೆ ಇದ್ದದ್ದು ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಅನ್ನುವ ಮಾತಿನಲ್ಲಿ. ಫೀಸು ಕಟ್ಟುವಾಗ ಯಾರೂ ಅಂಕಪಟ್ಟಿ ಕೇಳಲಿಲ್ಲ. ಕೋರ್ಸು ಮುಗಿದು ಕಂಪನಿಗಳ ನೇಮಕಾತಿ ಡ್ರೈವ್‌ಗಳು ಶುರುವಾದಾಗ ಮೆಸೇಜುಗಳಲ್ಲೆಲ್ಲ ಅದೇ ಸಾಲು: ಎಸ್ಸೆಸ್ಸೆಲ್ಸಿ, ಪಿಯು, ಬಿಇ ಮೂರರಲ್ಲೂ 60 ಪರ್ಸೆಂಟ್. ನನ್ನ ಪಿಯು ಅಂಕ 57.

ಜಾವಾ ಎಷ್ಟು ಬರುತ್ತದೆಂದು ನೋಡುವ ಮೊದಲೇ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಕೇಳಿದರೆ, ‘ಇಂಟರ್‌ವ್ಯೂಗೆ ಕಳಿಸೋದಷ್ಟೇ ನಮ್ಮ ಕೆಲಸ, ಕ್ರೈಟೀರಿಯಾ ಕಂಪನಿಯವರದ್ದು’ ಅಂದರು. ಹಾಗಿದ್ದರೆ ಅದನ್ನು ರಸೀದಿ ಹರಿಯುವ ಮೊದಲೇ ಹೇಳಬೇಕಿತ್ತು. ಕನ್ನಡ ಮಾಧ್ಯಮದಿಂದ ಪಿಯು ಸೈನ್ಸ್‌ಗೆ ಬಂದು ಇಂಗ್ಲಿಷಿನಲ್ಲಿ ತಡವರಿಸಿದ ಹುಡುಗರ ಅಂಕ ಎಷ್ಟೋ ವರ್ಷದ ಮೇಲೂ ಹೀಗೆ ಅಡ್ಡ ಬರುವುದು ಅನ್ಯಾಯ. ಸೇರುವವರು ಹಿಂದಿನ ಬ್ಯಾಚಿನಲ್ಲಿ ನಿಮ್ಮಷ್ಟೇ ಅಂಕ ಇದ್ದವರನ್ನು ಹುಡುಕಿ ಮಾತಾಡಿಸಿ.

ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಕಲಿಕಾ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತ, ಪರೀಕ್ಷೆಗೆ ನಾನು ಕಟ್ಟಿದ್ದು 1000 ರೂಪಾಯಿ. ಥಿಯರಿ ಗಟ್ಟಿಯಾಯಿತು, ಕೈಗೆಲಸ ಬರಲಿಲ್ಲ.

ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಯೋಜನೆಯಾದ ಎನ್‌ಎಟಿಎಸ್‌ನ ಪೋರ್ಟಲ್ ಮೂಲಕ ಪೀಣ್ಯದ ಗೇರ್ ಕಾರ್ಖಾನೆಯೊಂದರಲ್ಲಿ ವರ್ಷದ ಅಪ್ರೆಂಟಿಸ್‌ಶಿಪ್ ಸಿಕ್ಕಿತು. 2019ರ ನಿಯಮದಂತೆ ಆಗ ನನ್ನ ಸ್ಟೈಪೆಂಡ್ ತಿಂಗಳಿಗೆ 9000 ರೂಪಾಯಿ, ಡಿಪ್ಲೊಮಾದವರಿಗೆ 8000 ಇತ್ತು. ಈ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಕೊಡುವುದರಿಂದ ಸಣ್ಣ ಕಾರ್ಖಾನೆಗೂ ಹೊರೆಯಾಗುವುದಿಲ್ಲ. ಪಿಜಿ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ, ಆದರೂ ಮನೆಯಿಂದ ದುಡ್ಡು ತರಿಸಲಿಲ್ಲ.

ಕಾಲೇಜಿನಲ್ಲಿ ಒಂದು ಲೇತಿನ ಸುತ್ತ ಇಡೀ ಬ್ಯಾಚು ನಿಂತು ಟರ್ನಿಂಗ್ ನೋಡುತ್ತಿದ್ದೆವು. ಇಲ್ಲಿ ಟೂಲ್ ಸವೆದಾಗ ಸಿಎನ್‌ಸಿಗೆ (ಕಂಪ್ಯೂಟರ್ ನಡೆಸುವ ಮಷೀನಿಗೆ) ಆಫ್‌ಸೆಟ್, ಅಂದರೆ ಅಳತೆಯ ತಿದ್ದುಪಡಿ, ಎಷ್ಟು ಕೊಡಬೇಕು, ಮೊದಲ ಪೀಸನ್ನು ಡ್ರಾಯಿಂಗ್ ಜೊತೆ ಹೇಗೆ ತಾಳೆ ನೋಡಬೇಕು, ರಿಜೆಕ್ಷನ್ ಬಂದರೆ ತಪ್ಪು ಎಲ್ಲಿ ಹುಡುಕಬೇಕು ಅನ್ನುವುದನ್ನೆಲ್ಲ ಆಪರೇಟರ್ ಅಣ್ಣಂದಿರು ಪಕ್ಕದಲ್ಲಿ ನಿಂತು ಕಲಿಸಿದರು. ವರ್ಷ ಮುಗಿದಮೇಲೆ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ, ನನಗೂ ಅಲ್ಲಿ ಕೊಡಲಿಲ್ಲ. ಮುಂದಿನ ಕಂಪನಿಯವರು ಪಿಯು ಅಂಕ ಕೇಳದೆ ಒಂದು ಡ್ರಾಯಿಂಗ್ ಮುಂದಿಟ್ಟು ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಅನ್ನುವ ಮಿತಿ) ಓದಿಸಿದರು. ಈಗ ಅಲ್ಲೇ ಕ್ವಾಲಿಟಿಯಲ್ಲಿದ್ದೇನೆ.

ಮನೆಯಲ್ಲಿ ಅನುಕೂಲವಿದ್ದು, ಮೂರರಲ್ಲೂ 60 ದಾಟಿದ್ದು, ಕೋಡಿಂಗ್ ನಿಜಕ್ಕೂ ಇಷ್ಟವಿದ್ದರೆ ಕೋಚಿಂಗ್‌ಗೆ ಹೋಗಿ. ನನ್ನ ಹಾಗೆ ಮಷೀನಿನ ಹತ್ತಿರ ನಿಂತು ಕಲಿಯುವವರು ಎನ್‌ಎಟಿಎಸ್‌ನಲ್ಲಿ ಈಗಲೇ ಹೆಸರು ನೋಂದಾಯಿಸಿ. ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವವಾದರೆ ಆಮೇಲೆ ತೆಗೆದುಕೊಳ್ಳುವುದಿಲ್ಲ.