ಮಾಲೀಕರ ಟೈಟಲ್ ವಿಮೆ: ಕೊಳ್ಳುವವರು ಗಮನಿಸಬೇಕಾದದ್ದು

ಉಳಿದ ವಿಮೆಗಳು ಮುಂದೆ ಆಗಬಹುದಾದ ನಷ್ಟವನ್ನು ನೋಡಿದರೆ, 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರಂಭವಾದ ಟೈಟಲ್ ವಿಮೆಯು, ಅಂದರೆ ಆಸ್ತಿಯ ಒಡೆತನದ ಹಕ್ಕಿಗೆ ಮಾಡಿಸುವ ವಿಮೆಯು, ಹಳೆಯ ಕ್ರಯಪತ್ರದಲ್ಲಿನ ಖೋಟಾ ಸಹಿ, ದಾಖಲೆಗೆ ಬಾರದ ವಾರಸುದಾರರು, ತೀರದೆ ಉಳಿದ ಅಡಮಾನ ಮುಂತಾಗಿ ಹಿಂದೆಯೇ ನಡೆದು ಬೆಳಕಿಗೆ ಬಾರದ ದೋಷಗಳ ಹೊಣೆ ಹೊರುತ್ತದೆ. ಸಾಲ ಕೊಡುವ ಬ್ಯಾಂಕು ಕೇಳುವ ಪಾಲಿಸಿ, ಅದರ ಪ್ರೀಮಿಯಂ ಅನ್ನು ಬಹಳ ಸಲ ಕೊಳ್ಳುವವರೇ ಕಟ್ಟಿದರೂ, ಬ್ಯಾಂಕಿನ ಹಣವನ್ನಷ್ಟೇ ಕಾಯುತ್ತದೆ. ಇದು ಹಲವರಿಗೆ ತಡವಾಗಿ ತಿಳಿಯುತ್ತದೆ. ಮಾಲೀಕರ ಪಾಲಿಸಿಗೆ ಒಮ್ಮೆ ಹಣ ಕಟ್ಟಿದರೆ, ಆಸ್ತಿ ಅವರ ಅಥವಾ ಅವರ ವಾರಸುದಾರರ ಕೈಯಲ್ಲಿರುವವರೆಗೂ ಅದು ಊರ್ಜಿತವಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದರ ನಿಜವಾದ ಉಪಯೋಗವಿರುವುದು ಪರಿಹಾರಧನಕ್ಕಿಂತ ಹೆಚ್ಚಾಗಿ ವ್ಯಾಜ್ಯದ ಖರ್ಚನ್ನು ಕಂಪನಿಯೇ ಭರಿಸುವುದರಲ್ಲಿ. ಕೊಳ್ಳುವವರಿಗೆ ಮೊದಲೇ ಗೊತ್ತಿದ್ದ ದೋಷಕ್ಕೂ ಖರೀದಿಯ ನಂತರ ಹುಟ್ಟಿದ ತಕರಾರಿಗೂ ಅದು ಸಾಮಾನ್ಯವಾಗಿ ಅನ್ವಯಿಸದಿರುವುದರಿಂದ, ಹೊರಗಿಟ್ಟ ಅಂಶಗಳ ಪಟ್ಟಿಯನ್ನು ಸಹಿ ಹಾಕುವ ಮೊದಲೇ ಓದಬೇಕು.